ಹಗಲು ಹನ್ನೊಂದಕ್ಕೆ ಕಂಪ್ಯೂಟರ್ ಯಾರ ಕೈಲಿ?

ಮನೆಗೊಂದು ಕಂಪ್ಯೂಟರ್ ತಗೋಬೇಕು, ಲ್ಯಾಪ್‌ಟಾಪೋ ಡೆಸ್ಕ್‌ಟಾಪೋ? ಈ ಪ್ರಶ್ನೆಯನ್ನು ಯಾರ ಮುಂದೆ ಇಟ್ಟರೂ ಉತ್ತರ ರೆಡಿ ಇರುತ್ತದೆ. ‘ಈಗೆಲ್ಲಾ ಡೆಸ್ಕ್‌ಟಾಪ್ ಯಾರು ತಗೋತಾರೆ?’ ಅನ್ನುವವರು ಹತ್ತರಲ್ಲಿ ಎಂಟು ಮಂದಿ. ಉಳಿದಿಬ್ಬರು ‘ಅದೇ ದುಡ್ಡಿಗೆ ಡೆಸ್ಕ್‌ಟಾಪ್ ಡಬಲ್ ಸ್ಪೀಡ್ ಕಣ್ರೀ’ ಅನ್ನುತ್ತಾರೆ. ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಎಲ್ಲದರ ಚರ್ಚೆಯೂ ಆಗುತ್ತದೆ. ಆದರೆ ಮನೆಯಲ್ಲಿ ಐದು ಜನ ಇದ್ದು, ಕೊಳ್ಳಲು ಆಗುವುದು ಒಂದೇ ಕಂಪ್ಯೂಟರ್ ಆದರೆ, ಹಗಲು ಹನ್ನೊಂದು ಗಂಟೆಗೆ ಅದು ಎಲ್ಲಿರುತ್ತದೆ, ಯಾರ ಕೈಲಿರುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಎಲ್ಲವೂ ತೀರ್ಮಾನವಾಗಿದ್ದು ಈ ಪ್ರಶ್ನೆಯಿಂದಲೇ.

ನಮ್ಮದು ತಿಪಟೂರು. ಅಪ್ಪ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ಅಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಜೊತೆಗೆ ತಾತ. ತಮ್ಮ ಕಳೆದ ವರ್ಷ ತುಮಕೂರಿನಲ್ಲಿ ಎಂಜಿನಿಯರಿಂಗ್ ಸೇರಿದ. ಬೆಳಿಗ್ಗೆ ರೈಲು ಹತ್ತಿದರೆ ಮನೆ ಸೇರುವುದು ಸಂಜೆ ಏಳಕ್ಕೆ. ನಾನು ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ವಯಸ್ಸು 24. ಕ್ಲರ್ಕ್ ಹುದ್ದೆಗೆ ಸಾಮಾನ್ಯ ವರ್ಗದವರಿಗೆ 28ರ ಮಿತಿ ಇದೆ. ನೆಂಟರ ಲೆಕ್ಕದಲ್ಲಿ ಮಿತಿ ಇನ್ನೂ ಬೇಗ ಮುಗಿಯುತ್ತದೆ ಅನ್ನಿ!

ಅಮ್ಮ ಹೊಲಿಗೆ ದುಡ್ಡಲ್ಲಿ ತಿಂಗಳು ತಿಂಗಳು ಕಟ್ಟಿದ್ದ ಚೀಟಿ ಎತ್ತಿದಾಗ 45 ಸಾವಿರ ಕೈಗೆ ಬಂತು. ತಮ್ಮನ ಕಾಲೇಜು ಶುರುವಾಗಿತ್ತು. ಹೆಚ್ಚು ಮಾತೇ ಇಲ್ಲದೆ ತೀರ್ಮಾನವೂ ಆಗಿಬಿಟ್ಟಿತು: ‘ಎಂಜಿನಿಯರಿಂಗ್ ಓದೋ ಹುಡುಗ, ಅವನಿಗೊಂದು ಲ್ಯಾಪ್‌ಟಾಪ್ ಕೊಡಿಸೋಣ. ಮನೆಯವರೆಲ್ಲಾ ಅದನ್ನೇ ಬಳಸಿಕೊಂಡ್ರಾಯ್ತು.’

‘ಮನೆಯವರೆಲ್ಲಾ ಅದನ್ನೇ ಬಳಸೋದು’ ಅಂದರೆ ಹೇಗೆ? ಅದು ಬೆಳಿಗ್ಗೆಯೇ ಅವನ ಬ್ಯಾಗಿನಲ್ಲಿ ರೈಲು ಹತ್ತುತ್ತದೆ. ನಾನು ಮಾಕ್ ಟೆಸ್ಟ್ ಬರೆಯುವುದು ಹಗಲು ಹೊತ್ತು. ‘ನೀನು ಫೋನಲ್ಲಿ ಮಾಡ್ಕೋತೀಯಲ್ಲಮ್ಮ’ ಅಂದರು ಅಪ್ಪ. ಅವರ ಮಾತಿನಲ್ಲಿ ಭೇದಭಾವ ಇರಲಿಲ್ಲ. ಎರಡು ವರ್ಷದಿಂದ ನಾನು ಫೋನಲ್ಲೇ ಓದುತ್ತಿದ್ದುದನ್ನು ಅವರು ನೋಡಿದ್ದರು, ಅಷ್ಟೇ.

ಫೋನಿನ ಪರದೆ, ಪರೀಕ್ಷೆಯ ಪರದೆ

ಬ್ಯಾಂಕ್ ಪರೀಕ್ಷೆಗೆ ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕ್ಲರ್ಕ್ ಪ್ರಿಲಿಮ್ಸ್ ಅಂದರೆ 60 ನಿಮಿಷ, 100 ಪ್ರಶ್ನೆ. ಇಂಗ್ಲಿಷ್, ಲೆಕ್ಕ, ರೀಸನಿಂಗ್ ಮೂರಕ್ಕೂ ತಲಾ 20 ನಿಮಿಷ. ಒಂದರಲ್ಲಿ ಉಳಿದ ಸಮಯ ಇನ್ನೊಂದಕ್ಕೆ ಸಿಗುವುದಿಲ್ಲ. ಪರೀಕ್ಷಾ ಕೇಂದ್ರದಲ್ಲಿ ಎದುರಿಗಿರುವುದು ದೊಡ್ಡ ಪರದೆ ಮತ್ತು ಮೌಸ್. ಪಜಲ್ ಪೂರ್ತಿ ಒಂದು ಕಡೆ, ಪ್ರಶ್ನೆ ಇನ್ನೊಂದು ಕಡೆ ಕಾಣುತ್ತದೆ. ಫೋನಿನಲ್ಲಾದರೆ ಎಂಟು ಜನ ವೃತ್ತಾಕಾರದಲ್ಲಿ ಕೂತ ಪಜಲ್ ಓದಲು ಮೇಲೆ ಕೆಳಗೆ ಬೆರಳಾಡಿಸುತ್ತಲೇ ಇರಬೇಕು. ಡೇಟಾ ಇಂಟರ್‌ಪ್ರಿಟೇಶನ್‌ನ ಗ್ರಾಫ್ ಹಿಗ್ಗಿಸಿದರೆ ಪ್ರಶ್ನೆ ಮರೆಯಾಗುತ್ತದೆ. ಇನ್ನು ಪಿಒ ಮೇನ್ಸ್‌ನಲ್ಲಿ ಅರ್ಧ ಗಂಟೆಯ ಇಂಗ್ಲಿಷ್ ಬರವಣಿಗೆ ಇದೆ. ಅದನ್ನು ಕೀಬೋರ್ಡಿನಲ್ಲೇ ಟೈಪ್ ಮಾಡಬೇಕು. ಎಸ್‌ಎಸ್‌ಸಿಯ ಸಿಎಚ್‌ಎಸ್‌ಎಲ್‌ ಟೈಪಿಂಗ್ ಪರೀಕ್ಷೆಯಲ್ಲಿ ಇಂಗ್ಲಿಷ್‌ಗೆ ನಿಮಿಷಕ್ಕೆ 35 ಪದದ ವೇಗ ಬೇಕು. ಹೆಬ್ಬೆರಳಲ್ಲಿ ಚಾಟ್ ಮಾಡುವ ವೇಗ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಇದನ್ನೆಲ್ಲ ಮನೆಯಲ್ಲಿ ಹೇಳಿದರೆ ‘ನಿನಗೂ ಬೇಕು, ಅವನಿಗೂ ಬೇಕು, ಇರೋದು ಒಂದೇ ದುಡ್ಡು’ ಎಂಬಲ್ಲಿಗೇ ಮಾತು ಬಂದು ನಿಲ್ಲುತ್ತಿತ್ತು. ತಮ್ಮನ ಜೊತೆ ಜಗಳ ಬೇಕಿರಲಿಲ್ಲ. ಹಾಗಾಗಿ ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ನಾಲ್ಕು ಕಾಲಂ ಎಳೆದೆ: ಯಾರಿಗೆ, ಯಾವ ಕೆಲಸಕ್ಕೆ, ಎಷ್ಟು ಹೊತ್ತಿಗೆ, ಎಲ್ಲಿ. ಒಂದು ವಾರದ ಲೆಕ್ಕ.

ಕ್ಯಾಲೆಂಡರ್ ಹಿಂದಿನ ಲೆಕ್ಕ

ನನ್ನದು ದಿನಕ್ಕೆ ಎರಡೂವರೆ ಗಂಟೆ: ಒಂದು ಮಾಕ್ ಟೆಸ್ಟ್, ಆಮೇಲೆ ತಪ್ಪಾದದ್ದನ್ನು ತಿದ್ದಿಕೊಳ್ಳುವುದು. ಆರು ದಿನಕ್ಕೆ 15 ಗಂಟೆ, ಹಗಲು, ಮನೆಯಲ್ಲಿ. ಅಮ್ಮನಿಗೆ ಡಿಸೈನ್ ನೋಡಲು, ಗಿರಾಕಿಗಳ ಅಳತೆ ಮತ್ತು ಬಾಕಿ ಬರೆದಿಡಲು ಮಧ್ಯಾಹ್ನ ಒಂದು ಗಂಟೆಯಂತೆ ಐದು ದಿನ, ಅಂದರೆ 5 ಗಂಟೆ. ಅಪ್ಪನಿಗೆ ಮಂಡಿ ಲೆಕ್ಕಕ್ಕೆ ರಾತ್ರಿ ಹೊತ್ತು ವಾರಕ್ಕೆ 4 ಗಂಟೆ. ತಾತನಿಗೆ ಭಾನುವಾರ ಕುರುಕ್ಷೇತ್ರ ನಾಟಕ ನೋಡಲು 2 ಗಂಟೆ. ನಮ್ಮ ಕಡೆ ಪೌರಾಣಿಕ ನಾಟಕದ ಹುಚ್ಚು ಎಷ್ಟಿದೆ ಅನ್ನುವುದು ತುಮಕೂರು ಜಿಲ್ಲೆಯವರಿಗೆ ಗೊತ್ತು. ಫೋನಿನಲ್ಲಿ ದುರ್ಯೋಧನ ಹೆಬ್ಬೆರಳಿನಷ್ಟು ಕಾಣುತ್ತಾನೆ ಎಂಬುದು ತಾತನ ಬಹುಕಾಲದ ತಕರಾರು.

ತಮ್ಮನ ಕಾಲಂ ಅವನೇ ತುಂಬಿದ. ರಾತ್ರಿ ಅಸೈನ್‌ಮೆಂಟ್, ಕೋಡಿಂಗ್ ಅಭ್ಯಾಸ ಎಂದು ದಿನಕ್ಕೆ ಒಂದೂವರೆ ಗಂಟೆ, ಭಾನುವಾರ ಮೂರು. ಒಟ್ಟು 12 ಗಂಟೆ ಮನೆಯಲ್ಲಿ. ಕಾಲೇಜಿನಲ್ಲಿ ವಾರಕ್ಕೆ 5 ಗಂಟೆ. ಮೊದಲ ವರ್ಷ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್‌ಗಳದ್ದೇ ಓಡಾಟ. ಪ್ರೋಗ್ರಾಮಿಂಗ್ ಲ್ಯಾಬಿನಲ್ಲಿ ಕಾಲೇಜಿನದೇ ಕಂಪ್ಯೂಟರ್‌ಗಳಿವೆ. ‘ಲ್ಯಾಪ್‌ಟಾಪ್ ಕಡ್ಡಾಯನಾ?’ ಎಂದು ಅವನ ಲೆಕ್ಚರರ್ ಬಳಿ ಕೇಳಿಸಿದ್ದಾಯಿತು. ‘ಇದ್ದರೆ ಅನುಕೂಲ. ಕಡ್ಡಾಯ ಅಲ್ಲ. ಪ್ರಾಜೆಕ್ಟ್, ಪ್ಲೇಸ್‌ಮೆಂಟ್ ಹೊತ್ತಿಗೆ ಬೇಕೇ ಬೇಕಾಗುತ್ತೆ’ ಎಂಬ ಉತ್ತರ ಬಂತು.

ಕೂಡಿಸಿದರೆ ವಾರಕ್ಕೆ ಒಟ್ಟು 43 ಗಂಟೆ. ಅದರಲ್ಲಿ 38 ಗಂಟೆ ಮನೆಯೊಳಗಿನದೇ. ಆ 38ರಲ್ಲಿ ನನ್ನ 15 ಮತ್ತು ಅಮ್ಮನ 5, ಒಟ್ಟು 20 ಗಂಟೆ ತಮ್ಮ ಮನೆಯಲ್ಲಿ ಇಲ್ಲದ ಹೊತ್ತಿನದು. ಲ್ಯಾಪ್‌ಟಾಪ್ ಅವನ ಜೊತೆ ಹೋದರೆ ಈ 20 ಗಂಟೆಯೂ ಅದರ ಜೊತೆ ಹೋದಂತೆಯೇ.

ಹಾಳೆಯನ್ನು ಅಪ್ಪನ ಮುಂದಿಟ್ಟೆ. ಮೂವತ್ತು ವರ್ಷ ಲೆಕ್ಕದ ಪುಸ್ತಕ ನೋಡಿದವರಿಗೆ ವಿವರಣೆ ಬೇಕಾಗಲಿಲ್ಲ. ಕನ್ನಡಕ ಏರಿಸಿ ಎರಡು ಸಲ ಕೂಡಿಸಿ ನೋಡಿದರು. ‘ದುಡ್ಡು ನಿಮ್ಮಮ್ಮಂದು. ಅವಳ್ದೂ ಐದು ಗಂಟೆ ಐತಲ್ಲ ಇದ್ರಾಗೆ’ ಅಂದರು. ಅಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ನಕ್ಕಳು. ತಮ್ಮನ ಮುಖ ಮಾತ್ರ ಸಣ್ಣಗಾಯಿತು. ‘ನಮ್ಮ ಕ್ಲಾಸಲ್ಲಿ ಎಲ್ಲರ ಹತ್ರನೂ ಇದೆ ಅಕ್ಕಾ’ ಅಂದ. ಅವನ ಮಾತೂ ಸುಳ್ಳಲ್ಲ.

ಲ್ಯಾಪ್‌ಟಾಪ್‌ಗೆ ಸಲ್ಲಬೇಕಾದದ್ದು

ಡೆಸ್ಕ್‌ಟಾಪ್ ಕೊಂಡೆವು ಎಂದು ಲ್ಯಾಪ್‌ಟಾಪನ್ನು ಜರೆಯುವುದು ನ್ಯಾಯವಲ್ಲ. ವ್ಯಾಪಾರದಲ್ಲಿ ಗೆದ್ದ ಮೊದಲ ಒಯ್ಯುವ ಕಂಪ್ಯೂಟರ್ ಎನ್ನಿಸಿಕೊಂಡ ಆಸ್ಬೋರ್ನ್ 1 ಬಂದದ್ದು 1981ರಲ್ಲಿ. ಅದರ ತೂಕ 11 ಕೆ.ಜಿ., ಪರದೆ 5 ಇಂಚು, ಪ್ಲಗ್ ಹಾಕದೆ ನಡೆಯುತ್ತಿರಲಿಲ್ಲ. (ಅದನ್ನು ಮಾರುಕಟ್ಟೆಗೆ ತಂದ ಆ್ಯಡಂ ಆಸ್ಬೋರ್ನ್ ಬಾಲ್ಯ ಕಳೆದದ್ದು ನಮ್ಮ ಪಕ್ಕದ ತಮಿಳುನಾಡಿನ ತಿರುವಣ್ಣಾಮಲೈನಲ್ಲಿ!) ಅಲ್ಲಿಂದ ಇಲ್ಲಿಗೆ, ಒಂದೂವರೆ ಕೆ.ಜಿ.ಯಲ್ಲಿ ಕ್ಯಾಮೆರಾ, ಮೈಕ್, ವೈಫೈ, ಬ್ಯಾಟರಿ ಎಲ್ಲ ಕೂಡಿ ಬರುತ್ತಿದೆ. ಹಾಸ್ಟೆಲ್ ಅಥವಾ ಪಿ.ಜಿ.ಯಲ್ಲಿ ಇರುವವರಿಗೆ ಲ್ಯಾಪ್‌ಟಾಪೇ ಸರಿ. ಅಲ್ಲಿ ಇಡಲು ಮೇಜೂ ಇರುವುದಿಲ್ಲ, ವರ್ಷಕ್ಕೊಮ್ಮೆ ರೂಮು ಬದಲಾಗುತ್ತದೆ. ಕೊನೇ ವರ್ಷದ ಪ್ರಾಜೆಕ್ಟ್, ಕ್ಯಾಂಪಸ್ ಸಂದರ್ಶನದಲ್ಲಿರುವವರಿಗೂ ಅಷ್ಟೇ.

ಕರೆಂಟಿನ ವಿಷಯದಲ್ಲೂ ಲ್ಯಾಪ್‌ಟಾಪೇ ಗೆಲ್ಲುತ್ತದೆ. ಸಾಮಾನ್ಯ ಡೆಸ್ಕ್‌ಟಾಪ್ ಮಾನಿಟರ್ ಸೇರಿ ಸುಮಾರು 100 ವಾಟ್ ಎಳೆಯುತ್ತದೆ ಎಂದುಕೊಳ್ಳಿ, ಲ್ಯಾಪ್‌ಟಾಪ್ 40. ದಿನಕ್ಕೆ ಆರು ಗಂಟೆ ಬಳಸಿದರೆ ತಿಂಗಳಿಗೆ ಡೆಸ್ಕ್‌ಟಾಪ್‌ಗೆ 18 ಯೂನಿಟ್, ಲ್ಯಾಪ್‌ಟಾಪ್‌ಗೆ 7. ವ್ಯತ್ಯಾಸ 11 ಯೂನಿಟ್. ಯೂನಿಟ್‌ಗೆ 6 ರೂಪಾಯಿಯಂತೆ ಹಿಡಿದರೂ 66 ರೂಪಾಯಿ. ಗೃಹಜ್ಯೋತಿ ಇರುವ ಮನೆಯವರು ಇನ್ನೊಂದು ವಿಷಯ ನೋಡಬೇಕು. ಉಚಿತ ವಿದ್ಯುತ್ ಎಂದರೆ ಎಲ್ಲರಿಗೂ ಪೂರ್ತಿ 200 ಯೂನಿಟ್ ಅಲ್ಲ. ನಮ್ಮಂಥ ಮನೆಗೆ 2022–23ರ ಸರಾಸರಿ ಬಳಕೆಯ ಮೇಲೆ ಶೇ 10ರಷ್ಟು ಸೇರಿಸಿ ಮಿತಿ ಹಾಕಿದ್ದಾರೆ. ಅದಕ್ಕಿಂತ ಮೇಲೆ ಹೋದ ಯೂನಿಟ್‌ಗಳಿಗೆ ಹಣ ಕಟ್ಟಬೇಕು. ಹೊಸ ಡೆಸ್ಕ್‌ಟಾಪ್ ಬಂದ ಮನೆ ಆ ಮಿತಿ ದಾಟುವ ಸಾಧ್ಯತೆ ಇದೆ. ನಾವು ಈಗ ತಿಂಗಳಿಗೆ ಅಷ್ಟಿಷ್ಟು ಕಟ್ಟುತ್ತಿದ್ದೇವೆ.

ಇನ್ನು ಕರೆಂಟ್ ಹೋದರೆ? ಮನೆ ಬಳಕೆಯ 600 ವಿಎ ಯುಪಿಎಸ್ ಡೆಸ್ಕ್‌ಟಾಪನ್ನು ಹತ್ತು ಹದಿನೈದು ನಿಮಿಷ ಎಳೆಯುತ್ತದೆ. ಕೆಲಸ ಸೇವ್ ಮಾಡಿ ಆಫ್ ಮಾಡಲು ಸಾಕು, ಒಂದು ಗಂಟೆಯ ಟೆಸ್ಟ್ ಮುಗಿಸಲು ಸಾಲದು. ಅದರ ಬ್ಯಾಟರಿಯನ್ನು ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಬೇಕು. ದಿನವೂ ಗಂಟೆಗಟ್ಟಲೆ ಕರೆಂಟ್ ಹೋಗುವ ಊರಿನವರಾದರೆ, ಮನೆಯಲ್ಲಿ ಇನ್ವರ್ಟರ್ ಕೂಡ ಇಲ್ಲದಿದ್ದರೆ, ಲ್ಯಾಪ್‌ಟಾಪ್ ಕಡೆಗೇ ವಾಲುವುದು ಜಾಣತನ.

ಕೊಟೇಶನ್‌ನಲ್ಲಿ ಇಲ್ಲದ ಸಾಲುಗಳು

ಡೆಸ್ಕ್‌ಟಾಪ್ ಅಗ್ಗ ಅನ್ನುವ ಮಾತನ್ನು ಪೂರ್ತಿ ನಂಬಬೇಡಿ. ಅಂಗಡಿಯವರು ಬರೆದುಕೊಟ್ಟ ಮೊದಲ ಕೊಟೇಶನ್ ಬರೀ ‘ಸಿಪಿಯು’ ಡಬ್ಬಿಯದಾಗಿತ್ತು. ಮಾನಿಟರ್, ಕೀಬೋರ್ಡ್, ಮೌಸ್, ಯುಪಿಎಸ್ ಬೇರೆ. ಕ್ಯಾಮೆರಾ ಮತ್ತು ಹೆಡ್‌ಸೆಟ್ ಬೇರೆ. ಇವಿಲ್ಲದೆ ಮನೆಯಿಂದ ಬರೆಯುವ ಕಂಪನಿಗಳ ಪರೀಕ್ಷೆ, ಆನ್‌ಲೈನ್ ಸಂದರ್ಶನ ನಡೆಯುವುದಿಲ್ಲ. ಕಡಿಮೆ ಬೆಲೆಯ ಅನೇಕ ಮದರ್‌ಬೋರ್ಡ್‌ಗಳಲ್ಲಿ ವೈಫೈ ಇರುವುದಿಲ್ಲ, ಅದಕ್ಕೊಂದು ಚಿಕ್ಕ ಡಾಂಗಲ್ ಬೇಕು.

ಎಲ್ಲಕ್ಕಿಂತ ದೊಡ್ಡದು ವಿಂಡೋಸ್. ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಅಸಲಿ ವಿಂಡೋಸ್ ಹಾಕಿಯೇ ಕೊಟ್ಟಿರುತ್ತಾರೆ. ಜೋಡಿಸಿಕೊಡುವ ಡೆಸ್ಕ್‌ಟಾಪ್‌ಗೆ ಅದನ್ನು ಬೇರೆಯಾಗಿ ಕೊಳ್ಳಬೇಕು. ‘ನಾವೇ ಫ್ರೀಯಾಗಿ ಹಾಕಿಕೊಡ್ತೀವಿ ಬಿಡಿ’ ಅಂದರೆ ಅದು ಕಳ್ಳ ಕಾಪಿ ಅಂತಲೇ ಅರ್ಥ. ಅಪ್ಪನ ಲೆಕ್ಕದ ಫೈಲು, ಬ್ಯಾಂಕ್ ವ್ಯವಹಾರ ನಡೆಯುವ ಕಂಪ್ಯೂಟರ್‌ನಲ್ಲಿ ಅದು ಬೇಡ. ನಾವು ಉಬುಂಟು ಹಾಕಿಸಿಕೊಂಡೆವು. ಅದು ಪೂರ್ತಿ ಉಚಿತ. ಮಾಕ್ ಟೆಸ್ಟ್‌ಗಳು ಬ್ರೌಸರ್‌ನಲ್ಲೇ ನಡೆಯುತ್ತವೆ, ಲೆಕ್ಕಕ್ಕೆ ಲಿಬ್ರೆ ಆಫೀಸ್ ಇದೆ, ಕನ್ನಡ ಕೀಲಿಮಣೆಯೂ ಸಿಗುತ್ತದೆ. ಆದರೆ ಟ್ಯಾಲಿ ಕಲಿಯಬೇಕಾದ ಬಿ.ಕಾಂ. ಗೆಳೆಯರು, ಮನೆಯಿಂದಲೇ ಕಂಪನಿ ಪರೀಕ್ಷೆ ಬರೆಯುವವರು ವಿಂಡೋಸ್ ಖರ್ಚನ್ನು ಮೊದಲೇ ಸೇರಿಸಿಕೊಳ್ಳಿ.

ಇಷ್ಟೆಲ್ಲ ಸೇರಿ ನಮಗೆ ಬಿದ್ದದ್ದು 36 ಸಾವಿರ. 16 ಜಿ.ಬಿ. ರ‍್ಯಾಮ್, 512 ಜಿ.ಬಿ. ಎಸ್‌ಎಸ್‌ಡಿ, 22 ಇಂಚಿನ ಮಾನಿಟರ್. ಬಿಡಿಭಾಗಗಳಲ್ಲಿ ಪ್ರೊಸೆಸರ್, ಮದರ್‌ಬೋರ್ಡ್, ಎಸ್‌ಎಸ್‌ಡಿಯಂಥವಕ್ಕೆ 3 ವರ್ಷದ ವಾರಂಟಿ ಇದೆ. ಒಂದು ಕೆಟ್ಟರೆ ಅದೊಂದನ್ನೇ ಬದಲಿಸಬಹುದು, ಊರಿನ ಮೆಕ್ಯಾನಿಕ್ಕೇ ಸಾಕು. ಲ್ಯಾಪ್‌ಟಾಪ್‌ನಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿದ್ದರೆ ಮುಂದೆ ಹೆಚ್ಚಿಸಲು ಬರುವುದಿಲ್ಲ. ಕೊಳ್ಳುವಾಗಲೇ ಇದನ್ನು ಕೇಳಿಕೊಳ್ಳಬೇಕು.

ಸೆಕೆಂಡ್ ಹ್ಯಾಂಡ್ ಕಡೆ ನೋಡುವವರಿಗೆ ಎರಡು ಮಾತು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಕಂಪನಿಗಳು ಬಳಸಿಬಿಟ್ಟ ಒಳ್ಳೆಯ ಯಂತ್ರಗಳು ಸಿಗುತ್ತವೆ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದೆ. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ಪೀಳಿಗೆ ಅಥವಾ ಅದರಾಚೆಯ ಪ್ರೊಸೆಸರ್, ಟಿಪಿಎಂ 2.0 ಇರಬೇಕು. ‘ಐ5’ ಅಂದರೆ ಸಾಲದು, ಎಷ್ಟನೇ ಪೀಳಿಗೆ ಎಂದು ಕೇಳಿ. ಹಳೇ ಲ್ಯಾಪ್‌ಟಾಪ್ ಆದರೆ ಅಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಸಿ, ಹೊಸದಿದ್ದಾಗಿನ ಸಾಮರ್ಥ್ಯಕ್ಕೂ ಈಗಿನದಕ್ಕೂ ಎಷ್ಟು ವ್ಯತ್ಯಾಸ ಇದೆ ನೋಡಿ.

ನಡುಮನೆಗೆ ಬಂದ ಮೇಲೆ

ಕಂಪ್ಯೂಟರನ್ನು ತಮ್ಮನ ಕೋಣೆಯಲ್ಲೂ ಇಡಲಿಲ್ಲ, ನನ್ನ ಹಾಸಿಗೆ ಪಕ್ಕದಲ್ಲೂ ಇಡಲಿಲ್ಲ. ನಡುಮನೆಯ ಕಿಟಕಿ ಪಕ್ಕ, ಅಮ್ಮನ ಹೊಲಿಗೆ ಯಂತ್ರದ ಎದುರು ಇಟ್ಟೆವು. ಐದು ಜನಕ್ಕೂ ಬೇರೆ ಬೇರೆ ಲಾಗಿನ್ ಮಾಡಿದ್ದು ತಮ್ಮನೇ. ಒಬ್ಬರ ಫೈಲು ಇನ್ನೊಬ್ಬರ ಕೈಗೆ ಸಿಗುವುದಿಲ್ಲ.

ತೊಂದರೆಗಳು ಇಲ್ಲವೆಂದಲ್ಲ. ಟೆಸ್ಟ್ ಮಧ್ಯೆ ಕರೆಂಟ್ ಹೋಗಿ, ಯುಪಿಎಸ್ ಕೂಗಿ ಕೂಗಿ ಸುಮ್ಮನಾದದ್ದಿದೆ. ಆನ್‌ಲೈನ್ ಸಂದರ್ಶನದಲ್ಲಿ ನಾನು ನನ್ನ ಬಗ್ಗೆ ಹೇಳುವಾಗ ಹಿಂದಿನಿಂದ ಕುಕ್ಕರ್ ಮೂರು ಸಲ ಕೂಗಿದೆ. ಹತ್ತೂವರೆಯಿಂದ ಒಂದರವರೆಗೆ ಟಿ.ವಿ. ಹಾಕಬಾರದು ಎಂಬ ನಿಯಮವನ್ನು ತಾತ ಒಪ್ಪಲು ಹದಿನೈದು ದಿನ ಬೇಕಾಯಿತು. ತಮ್ಮ ಒಂದು ಹ್ಯಾಕಥಾನ್‌ಗೆ ಗೆಳೆಯನ ಲ್ಯಾಪ್‌ಟಾಪ್ ಕೇಳಿ ಪಡೆಯಬೇಕಾಯಿತು. ಆ ರಾತ್ರಿ ಅವನು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಕೇಳಿ ಪಡೆಯುವುದು ಎಷ್ಟು ಕಷ್ಟ ಎಂಬುದು ಎರಡು ವರ್ಷ ಸೈಬರ್ ಸೆಂಟರ್‌ನಲ್ಲಿ ಅರ್ಜಿ ತುಂಬಿದ ನನಗೂ ಗೊತ್ತು.

ಲಾಭಗಳೂ ಇವೆ. ದೊಡ್ಡ ಪರದೆಯಲ್ಲಿ ಬರೆಯಲು ಶುರು ಮಾಡಿದ ಮೇಲೆ ರೀಸನಿಂಗ್ ವಿಭಾಗದಲ್ಲಿ ನಾನು ಮುಟ್ಟುವ ಪ್ರಶ್ನೆಗಳೇ ಹೆಚ್ಚಾಗಿವೆ. ಮಾನಿಟರಿನ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ಎರಡು ಹಳೇ ಗೈಡುಗಳ ಮೇಲೆ ಇಟ್ಟಿದ್ದೇನೆ, ಕತ್ತು ನೋವು ಕಡಿಮೆ. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡ್ ನೋಡುವ ಅಭ್ಯಾಸಕ್ಕೆ ಎದುರು ಮನೆಯ ತೆಂಗಿನ ಮರ ಸಿಕ್ಕಿದೆ. ಈ ಸಲದ ಪ್ರಿಲಿಮ್ಸ್ ಏನಾಗುತ್ತದೋ ನೋಡಬೇಕು. ಕಂಪ್ಯೂಟರ್ ಬಂದ ಮಾತ್ರಕ್ಕೆ ನೌಕರಿ ಬರುವುದಿಲ್ಲ. ಆದರೆ ‘ಪರದೆ ಚಿಕ್ಕದಿತ್ತು’ ಎಂಬ ಕಾರಣ ಈಗ ನನ್ನ ಬಳಿ ಇಲ್ಲ.

ನಾನು ಎಣಿಸದೆ ಇದ್ದ ಬದಲಾವಣೆ ಅಮ್ಮನದು. ಚಿಕ್ಕಪ್ಪನ ಮಗನ ಲ್ಯಾಪ್‌ಟಾಪ್ ಮನೆಗೆ ಬಂದಾಗಲೆಲ್ಲ ಅವಳು ದೂರದಿಂದ ನೋಡುತ್ತಿದ್ದಳು. ‘ಅದು ಅವನ್ದು, ನಾನ್ ಮುಟ್ಟಿ ಏನಾದ್ರೂ ಆಗ್ಬಿಟ್ರೆ?’ ಅನ್ನುತ್ತಿದ್ದಳು. ನಡುಮನೆಯ ಕಂಪ್ಯೂಟರ್ ಯಾರೊಬ್ಬರದೂ ಅಲ್ಲ, ಟಿ.ವಿ., ಮಿಕ್ಸಿಯ ಹಾಗೆ ಮನೆಯದು. ಒರೆಸಿ ಬಟ್ಟೆ ಹೊದಿಸುತ್ತಿದ್ದವಳು ಒಂದು ಮಧ್ಯಾಹ್ನ ಕೂತು ಮೌಸ್ ಹಿಡಿದಳು. ಈಗ ಗಿರಾಕಿಗಳ ಅಳತೆ, ಕೊಟ್ಟ ದಿನ, ಬಾಕಿ ಎಲ್ಲ ಒಂದು ಶೀಟಿನಲ್ಲಿದೆ. ಒಂದೊಂದೇ ಅಕ್ಷರ ಹುಡುಕಿ ಕನ್ನಡದಲ್ಲಿ ಟೈಪ್ ಮಾಡುತ್ತಾಳೆ. ಬಾಕಿ ಕಾಲಂ ತಾನಾಗಿ ಕೂಡುವುದನ್ನು ನೋಡಿದ ದಿನ ಅಪ್ಪನನ್ನು ಕರೆದು ತೋರಿಸಿದಳು. ‘ನಿಮ್ ಮಂಡಿಯೋರು ಇನ್ನೂ ಕೈಯಾಗೇ ಕೂಡ್ತಾರಾ?’

ಉಳಿದ 9 ಸಾವಿರ ಅಂಚೆ ಕಚೇರಿ ಖಾತೆಯಲ್ಲಿ ತಮ್ಮನ ಲ್ಯಾಪ್‌ಟಾಪ್ ಹೆಸರಲ್ಲಿದೆ. ಅವನ ಐದನೇ ಸೆಮಿಸ್ಟರ್ ಶುರುವಾಗುವ ಮುನ್ನ ಕೊಡಿಸಬೇಕು ಎಂಬುದು ಒಪ್ಪಂದ. ಅದನ್ನೂ ಆ ಕ್ಯಾಲೆಂಡರ್ ಹಾಳೆಯ ಕೆಳಗೆ ಬರೆದು ಎಲ್ಲರೂ ಸಹಿ ಹಾಕಿದ್ದೇವೆ, ತಾತನೂ ಸೇರಿ. ಅಲ್ಲಿಯವರೆಗೆ ರಾತ್ರಿ ಎಂಟರ ನಂತರ ಕಂಪ್ಯೂಟರ್ ಮೇಲೆ ಮೊದಲ ಹಕ್ಕು ಅವನದು. ಅಪ್ಪನ ಲೆಕ್ಕವೂ ಆಮೇಲೆ.

ಗೆಳೆಯರೇ, ನಿಮ್ಮ ಮನೆಯ ಲೆಕ್ಕ ನಮ್ಮದರಂತೆ ಇರಬೇಕಿಲ್ಲ. ನಿಮ್ಮ ಹಾಳೆಯಲ್ಲಿ ಹೊರಗಿನ ಗಂಟೆಗಳೇ ಹೆಚ್ಚಿದ್ದರೆ ಕಣ್ಣು ಮುಚ್ಚಿ ಲ್ಯಾಪ್‌ಟಾಪ್ ತಗೊಳ್ಳಿ. ಲ್ಯಾಪ್‌ಟಾಪನ್ನೇ ಮನೆಯಲ್ಲಿ ಬಿಟ್ಟುಹೋಗುವ ಒಪ್ಪಂದ ನಡೆಯುವ ಮನೆಯಾದರೆ ಅದೂ ಒಳ್ಳೆಯದೇ. ಆದರೆ ಅಂಗಡಿಗೆ ಹೋಗುವ ಮುನ್ನ, ಆನ್‌ಲೈನ್‌ನಲ್ಲಿ ಆಫರ್ ಹುಡುಕುವ ಮುನ್ನ, ಒಂದು ವಾರ ಆ ನಾಲ್ಕು ಕಾಲಂ ತುಂಬಿಸಿ: ಯಾರಿಗೆ, ಯಾವ ಕೆಲಸಕ್ಕೆ, ಎಷ್ಟು ಹೊತ್ತಿಗೆ, ಎಲ್ಲಿ. ಮೊದಲ ಸಾಲು ಬರೆಯಲು ಪೆನ್ನನ್ನು ಮನೆಯಲ್ಲಿ ‘ನನಗ್ಯಾಕೆ ಕಂಪ್ಯೂಟರು’ ಅನ್ನುವವರ ಕೈಗೆ ಕೊಡಿ.